ಹಳೆಯ ಐಸ್ ಹಾಕಿ ಗೋಲ್‌ಕೀಪರ್ ಮಾಸ್ಕ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇವೆ. ವಿಷಯ ಹೊಸದಾಗಿದ್ದರೆ ಮೇಲಿನಿಂದ ಓದಿ. ಕೈಯಲ್ಲಿ ಒಂದು ಹಳೇ ಮಾಸ್ಕ್ ಇಟ್ಟುಕೊಂಡು ಬಂದವರು ನೇರ ಮೂರನೇ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಇದು ನಮ್ಮ ಹಾಕಿಯೇನಾ, ಬೇರೆಯದಾ?

ಬೇರೆಯದು. ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯ ಮಾಸ್ಕ್‌ಗಳಿವು. ಇವುಗಳ ಕಥೆಯ ಬಹುಪಾಲು ನಡೆದದ್ದು ಕೆನಡಾ ಮತ್ತು ಅಮೆರಿಕದಲ್ಲಿ. ಕೊಡಗಿನ ಮೈದಾನಗಳಲ್ಲಿ ನಾವು ನೋಡುವ ಆಟದಲ್ಲಿ ಚೆಂಡು ಇರುತ್ತದೆ. ಐಸ್ ಹಾಕಿಯಲ್ಲಿ ಅದರ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ ಇರುತ್ತದೆ, ಅದಕ್ಕೆ ಪಕ್ ಎನ್ನುತ್ತಾರೆ. ಅದು 3 ಇಂಚು ಅಗಲ, 1 ಇಂಚು ದಪ್ಪ, 156ರಿಂದ 170 ಗ್ರಾಂ ತೂಕ ಇರುತ್ತದೆ. ತೂಕದಲ್ಲಿ ನಮ್ಮ ಹಾಕಿ ಚೆಂಡಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಪಕ್ ಪುಟಿಯದಿರಲೆಂದು ಪಂದ್ಯಕ್ಕೆ ಮುಂಚೆ ಅದನ್ನು ಹೆಪ್ಪುಗಟ್ಟಿಸಿರುತ್ತಾರೆ. ಅಂಚು ಮೊನಚಾಗಿರುತ್ತದೆ, ಜೋರಾಗಿ ಹೊಡೆದರೆ ಗಂಟೆಗೆ 150 ಕಿ.ಮೀ. ದಾಟುತ್ತದೆ.

ಎರಡೂ ಆಟಗಳನ್ನು ಹೊಂದಿಸಿ ನೋಡಬೇಕೆಂದರೆ ಪೆನಾಲ್ಟಿ ಕಾರ್ನರ್ ಸಮಯದಲ್ಲಿ ನಮ್ಮ ಹಾಕಿಯ ರಕ್ಷಣಾ ಆಟಗಾರರು ಮುಖಕ್ಕೆ ಕಟ್ಟಿಕೊಳ್ಳುವ ಮಾಸ್ಕ್ ಗಮನಿಸಿ. ಮುಖದ ಆಕಾರಕ್ಕೆ ಅಚ್ಚು ಹಾಕಿದ ಗಟ್ಟಿ ಚಿಪ್ಪು, ಒಳಗೆ ಫೋಮ್, ಹಿಂದೆ ಪಟ್ಟಿ. 1960ರ ದಶಕದ ಐಸ್ ಹಾಕಿ ಮಾಸ್ಕ್‌ನ ರಚನೆಯೂ ಹೆಚ್ಚುಕಡಿಮೆ ಇದೇ.

ಮೊದಲು ಮಾಸ್ಕ್ ಹಾಕಿದ್ದು ಪ್ಲಾಂಟೆ ಅಂತಾರೆ, ಬೆನೆಡಿಕ್ಟ್ ಅಂತಲೂ ಅಂತಾರೆ. ಯಾವುದು ಸರಿ?

ಎರಡೂ ಅರ್ಧ ಸರಿ. ದಾಖಲೆಯಲ್ಲಿ ಸಿಗುವ ತೀರಾ ಹಳೆಯ ಹೆಸರುಗಳಲ್ಲಿ ಒಂದು ಎಲಿಜಬೆತ್ ಗ್ರಹಾಂ ಅವರದು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಮಹಿಳಾ ತಂಡದ ಈ ಗೋಲ್‌ಕೀಪರ್ 1927ರಲ್ಲಿ ಹಲ್ಲು ಉಳಿಸಿಕೊಳ್ಳಲು ಕತ್ತಿವರಸೆಯ ಜಾಲರಿ ಮುಖಕವಚ ಹಾಕಿಕೊಂಡು ಆಡಿದರು. ಎನ್‌ಎಚ್‌ಎಲ್‌ನಲ್ಲಿ, ಅಂದರೆ ಉತ್ತರ ಅಮೆರಿಕದ ಅಗ್ರ ವೃತ್ತಿಪರ ಲೀಗ್‌ನಲ್ಲಿ, ಮೊದಲು ಹಾಕಿದವರು ಮಾಂಟ್ರಿಯಲ್ ಮರೂನ್ಸ್‌ನ ಕ್ಲಿಂಟ್ ಬೆನೆಡಿಕ್ಟ್. 1930ರ ಜನವರಿಯಲ್ಲಿ ಹೋವಿ ಮೊರೆಂಜ್ ಹೊಡೆದ ಪಕ್ ಅವರ ಮುಖದ ಮೂಳೆ ಮುರಿಯಿತು. ಫೆಬ್ರವರಿಯಲ್ಲಿ ಅವರು ಚರ್ಮದ ಮಾಸ್ಕ್ ಕಟ್ಟಿಕೊಂಡು ಮರಳಿದರು. ಅದರ ದಪ್ಪನೆಯ ಮೂಗಿನ ಭಾಗ ಕೆಳಗಿನ ನೋಟವನ್ನು ಮರೆಮಾಡುತ್ತಿತ್ತು. ಕೆಲವೇ ಪಂದ್ಯಗಳಲ್ಲಿ ಅದನ್ನು ಬಿಟ್ಟರು. 1936ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜಪಾನಿನ ತೆಯ್ಜಿ ಹೊನ್ಮಾ ಕೂಡ ಮಾಸ್ಕ್ ಹಾಕಿದ್ದರು.

ಹೀಗಾಗಿ ಜಾಕ್ ಪ್ಲಾಂಟೆ ಮೊದಲಿಗರಲ್ಲ. ಹಾಕಿದ ಮಾಸ್ಕನ್ನು ತೆಗೆಯಲು ಒಪ್ಪದೆ, ಅದು ಆಟದಲ್ಲಿ ಉಳಿಯುವಂತೆ ಮಾಡಿದವರು ಅವರು. ನಮ್ಮ ಮಟ್ಟಿಗೆ ಅದೇ ದೊಡ್ಡ ಕೆಲಸ.

1959ರ ನವೆಂಬರ್ 1ರಂದು ಏನಾಯ್ತು, ಸ್ವಲ್ಪ ವಿವರವಾಗಿ ಹೇಳಿ.

ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ಮತ್ತು ನ್ಯೂಯಾರ್ಕ್ ರೇಂಜರ್ಸ್ ಪಂದ್ಯ. ಮೊದಲ ಅವಧಿಯ ಆರಂಭದಲ್ಲೇ ಆ್ಯಂಡಿ ಬಾತ್‌ಗೇಟ್ ಹೊಡೆದ ಪಕ್ ಪ್ಲಾಂಟೆಯ ಮುಖ ಸೀಳಿತು. ಹೊಲಿಗೆ ಹಾಕಿಸಿಕೊಂಡ ಪ್ಲಾಂಟೆ, ಮಾಸ್ಕ್ ಇಲ್ಲದೆ ಮರಳಿ ಇಳಿಯುವುದಿಲ್ಲ ಎಂದುಬಿಟ್ಟರು. ಅಭ್ಯಾಸದ ವೇಳೆ ಅವರು ಕೆಲವು ವರ್ಷ ಮುಂಚಿನಿಂದಲೇ ಮಾಸ್ಕ್ ಬಳಸುತ್ತಿದ್ದರು. ಪಂದ್ಯದಲ್ಲಿ ಹಾಕಲು ಮಾತ್ರ ಕೋಚ್ ಟೋ ಬ್ಲೇಕ್ ಬಿಟ್ಟಿರಲಿಲ್ಲ. ಆ ಕಾಲದಲ್ಲಿ ತಂಡಗಳು ಎರಡನೇ ಗೋಲ್‌ಕೀಪರನ್ನು ಜೊತೆಗೆ ಕರೆದೊಯ್ಯುತ್ತಿರಲಿಲ್ಲ. ಇಬ್ಬರನ್ನೂ ಸಜ್ಜಾಗಿಡುವುದು ಕಡ್ಡಾಯವಾದದ್ದು 1960ರ ದಶಕದ ಮಧ್ಯದಲ್ಲಿ. ಬ್ಲೇಕ್‌ಗೆ ಬೇರೆ ದಾರಿ ಇರಲಿಲ್ಲ, ಒಪ್ಪಿದರು. ಮಾಂಟ್ರಿಯಲ್ 3–1ರಿಂದ ಗೆದ್ದಿತು, ಆಮೇಲೂ ಸೋಲಿಲ್ಲದೆ ಹಲವು ಪಂದ್ಯ ಆಡಿತು.

1960ರ ಮಾರ್ಚ್ 8ರಂದು ಡೆಟ್ರಾಯಿಟ್‌ನಲ್ಲಿ ಕೋಚ್ ಒತ್ತಾಯಕ್ಕೆ ಮಾಸ್ಕ್ ತೆಗೆದು ಆಡಿದರು. ತಂಡ 0–3ರಿಂದ ಸೋತಿತು. ಮುಂದಿನ ಪಂದ್ಯಕ್ಕೆ ಮಾಸ್ಕ್ ಮರಳಿ ಬಂತು, ಆ ಋತುವಿನಲ್ಲಿ ಮಾಂಟ್ರಿಯಲ್ ಸತತ ಐದನೇ ಬಾರಿ ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್ ಚಾಂಪಿಯನ್ ಪಟ್ಟ, ಗೆದ್ದಿತು. ಮಾಸ್ಕ್ ಹಾಕಿದರೆ ಆಟ ಕೆಡುತ್ತದೆ ಎಂಬ ವಾದ ಅಲ್ಲಿಂದ ಬಲ ಕಳೆದುಕೊಂಡಿತು.

ಅಷ್ಟು ವರ್ಷ ಬರಿ ಮುಖದಲ್ಲಿ ಯಾಕೆ ನಿಂತರು? ಧೈರ್ಯ ತೋರಿಸೋಕಾ?

ಧೈರ್ಯದ ಪ್ರಶ್ನೆ ಇತ್ತು, ಸುಳ್ಳಲ್ಲ. ಹಾಕಿದವನನ್ನು ಹೆದರುಪುಕ್ಕ ಎನ್ನುತ್ತಿದ್ದರು. ಆದರೆ ಕಾರಣ ಅದೊಂದೇ ಅಲ್ಲ. ಕಾಲಬುಡದ ಪಕ್ ಕಾಣದು ಎಂಬ ಕೋಚ್‌ಗಳ ಭಯಕ್ಕೆ ಬೆನೆಡಿಕ್ಟ್ ಅವರ ಮಾಸ್ಕೇ ಸಾಕ್ಷಿಯಾಗಿತ್ತು. ಜೊತೆಗೆ ಬೆವರು, ಕಣ್ಣಿನ ಸುತ್ತ ಮಬ್ಬು. ಸುಲಭವಾಗಿ ಅಚ್ಚಾಗುವ, ಹಗುರವಾದ, ಗಟ್ಟಿ ವಸ್ತುವೂ ಫೈಬರ್‌ಗ್ಲಾಸ್ ಬರುವವರೆಗೆ ಇರಲಿಲ್ಲ.

ಅಷ್ಟರಲ್ಲಿ ಆಟವೇ ಬದಲಾಯಿತು. 1950ರ ದಶಕದಲ್ಲಿ ಸ್ಲ್ಯಾಪ್ ಶಾಟ್, ಅಂದರೆ ಕೋಲನ್ನು ಹಿಂದಕ್ಕೆ ಎತ್ತಿ ಬೀಸಿ ಬಾರಿಸುವ ಹೊಡೆತ, ಹಬ್ಬಿತು. 1960ರ ದಶಕದಲ್ಲಿ ಸ್ಟ್ಯಾನ್ ಮಿಕಿಟಾ, ಬಾಬಿ ಹಲ್ ಬಾಗಿದ ಕೋಲು ತಂದರು, ಪಕ್ ಎತ್ತ ತಿರುಗುತ್ತದೆಂದು ಊಹಿಸುವುದು ಕಷ್ಟವಾಯಿತು. ಗಂಪ್ ವರ್ಸ್ಲಿ ತಮ್ಮ ಕೊನೆಯ ಆರು ಪಂದ್ಯಗಳವರೆಗೂ ಬರಿ ಮುಖದಲ್ಲೇ ನಿಂತರು. ಎನ್‌ಎಚ್‌ಎಲ್‌ನಲ್ಲಿ ಮಾಸ್ಕ್ ಇಲ್ಲದೆ ಕೊನೆಯದಾಗಿ ಆಡಿದವರು ಪಿಟ್ಸ್‌ಬರ್ಗ್‌ನ ಆ್ಯಂಡಿ ಬ್ರೌನ್, 1974ರ ಏಪ್ರಿಲ್ 7ರಂದು.

## ತಯಾರಿಕೆ ಮತ್ತು ಗುಣಮಟ್ಟ

ಆ ಕಾಲದಲ್ಲಿ ಮಾಸ್ಕ್ ಹೇಗೆ ಮಾಡ್ತಿದ್ರು?

ಪ್ಲಾಂಟೆಯ ಮಾಸ್ಕ್ ಮಾಡಿದ ಬಿಲ್ ಬರ್ಚ್‌ಮೋರ್ ಕೆನಡಾದ ಫೈಬರ್‌ಗ್ಲಾಸ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಅವರ ಕ್ರಮವನ್ನೇ ಆಮೇಲಿನವರೂ ಸ್ವಲ್ಪ ಹೆಚ್ಚುಕಡಿಮೆ ಮಾಡಿ ಅನುಸರಿಸಿದರು.

ಆಟಗಾರನ ಮುಖಕ್ಕೆ, ಹುಬ್ಬಿಗೆ ವ್ಯಾಸಲೀನ್ ಹಚ್ಚಿ, ಉಸಿರಾಟಕ್ಕೆ ಕೊಳವೆ ಇಟ್ಟು ಪ್ಲಾಸ್ಟರ್ ಹೊಯ್ದರೆ ತಿರುಗು ಅಚ್ಚು ಸಿಗುತ್ತದೆ. ಅದರೊಳಗೆ ಮತ್ತೆ ಪ್ಲಾಸ್ಟರ್ ತುಂಬಿದರೆ ಮುಖದ ಪ್ರತಿರೂಪ. ಅದು ಪೂರ್ತಿ ಒಣಗಿದ ಮೇಲೆ ಅಂಟದಂತೆ ಮೇಣ ಹಚ್ಚಿ, ರೆಸಿನ್‌ನಲ್ಲಿ (ಆರಿದ ಮೇಲೆ ಗಟ್ಟಿಯಾಗುವ ಅಂಟುದ್ರವ) ನೆನೆಸಿದ ಗಾಜಿನ ಬಟ್ಟೆಯನ್ನು ಪದರಪದರವಾಗಿ ಕೂರಿಸುತ್ತಿದ್ದರು. ಗಟ್ಟಿಯಾದ ಮೇಲೆ ಕಣ್ಣು, ಬಾಯಿ, ಗಾಳಿ ತೂತು ಕೊರೆದು, ಅಂಚು ಉಜ್ಜಿ, ಹಣೆ, ಕೆನ್ನೆ, ಗಲ್ಲಕ್ಕೆ ತೆಳು ಫೋಮ್ ಅಂಟಿಸಿ, ಪಟ್ಟಿಗೆ ರಿವೆಟ್ ಹೊಡೆಯುತ್ತಿದ್ದರು. ಪ್ಲಾಂಟೆಯ ಮೊದಲ ಮಾಸ್ಕ್ ಸುಮಾರು 400 ಗ್ರಾಂ ತೂಗುತ್ತಿತ್ತು.

ಒಬ್ಬನ ಮಾಸ್ಕ್ ಇನ್ನೊಬ್ಬನಿಗೆ ಆಗದಿರುವುದು ಇದೇ ಕಾರಣಕ್ಕೆ. ಅದು ಕೇವಲ ಅಳತೆಯ ವಿಷಯವಲ್ಲ. ಕೆನ್ನೆಮೂಳೆ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಪೆಟ್ಟಿನ ಭಾರವೆಲ್ಲ ಆ ಒಂದೇ ಜಾಗಕ್ಕೆ ಬೀಳುತ್ತದೆ.

ಮುಖಕ್ಕೆ ಅಂಟಿಕೊಂಡಂತಿರೋ ಮಾಸ್ಕ್ ನಿಜಕ್ಕೂ ಪೆಟ್ಟು ತಡೀತಿತ್ತಾ?

ಗಾಯ ತಡೆಯುತ್ತಿತ್ತು, ಪೆಟ್ಟು ತಡೆಯುತ್ತಿರಲಿಲ್ಲ. ಈ ವ್ಯತ್ಯಾಸ ಅರ್ಥವಾದರೆ ಹಳೆಯ ಮಾಸ್ಕ್‌ಗಳ ಗುಣಮಟ್ಟದ ಮುಕ್ಕಾಲು ಭಾಗ ಅರ್ಥವಾದಂತೆ.

ಗಟ್ಟಿ ಚಿಪ್ಪು ಪಕ್‌ನ ಮೊನಚು ಅಂಚನ್ನು ಚರ್ಮಕ್ಕೆ ತಾಗಗೊಡುವುದಿಲ್ಲ. ಹಾಗಾಗಿ ಸೀಳುಗಾಯ, ಹೊಲಿಗೆ, ಹಲ್ಲು ಉದುರುವುದು ಬಹಳ ಕಡಿಮೆಯಾಯಿತು. ಪಕ್ ಓರೆಯಾಗಿ ಬಡಿದರೆ ದುಂಡನೆಯ ಮೇಲ್ಮೈ ಅದನ್ನು ಜಾರಿಸಿಬಿಡುತ್ತಿತ್ತು. ನೇರವಾಗಿ ಬಡಿದಾಗಲೇ ತೊಂದರೆ. ಚಿಪ್ಪು ಮತ್ತು ಮೂಳೆಯ ನಡುವೆ ಕೆಲವೇ ಮಿಲಿಮೀಟರ್ ಫೋಮ್ ಇರುತ್ತಿತ್ತು, ಚಿಪ್ಪು ಬಾಗಲೂ ಜಾಗವಿಲ್ಲ, ಪೆಟ್ಟು ಕರಗಲೂ ಹೊತ್ತಿಲ್ಲ. ಬಲವೆಲ್ಲ ಮೂಳೆಗೆ ದಾಟುತ್ತಿತ್ತು. 1970ರ ಸ್ಟ್ಯಾನ್ಲಿ ಕಪ್ ಫೈನಲ್‌ನ ಮೊದಲ ಪಂದ್ಯದಲ್ಲಿ, ಆಗ ಸೇಂಟ್ ಲೂಯಿಸ್ ತಂಡದಲ್ಲಿದ್ದ ಪ್ಲಾಂಟೆಗೆ ಆದದ್ದು ಹೀಗೇ. ಬೋಸ್ಟನ್ ಆಟಗಾರರ ಹೊಡೆತವೊಂದು ಹಣೆಗೆ ಬಡಿದು ಪ್ರಜ್ಞೆ ತಪ್ಪಿಸಿತು, ಜೀವ ಮಾತ್ರ ಉಳಿಯಿತು.

ಆದ್ದರಿಂದ ಹಳೆಯ ಮಾಸ್ಕ್ ಕೈಗೆ ಬಂದಾಗ ದಪ್ಪ ಎಷ್ಟು ಎಂದು ಮೊದಲು ನೋಡಬೇಡಿ. ಹಣೆ, ಕೆನ್ನೆಯ ಎದುರು ಚಿಪ್ಪು ಮುಖದಿಂದ ಎಷ್ಟು ದೂರ ನಿಲ್ಲುತ್ತದೆ ಎಂದು ನೋಡಿ. ಆಮೇಲೆ ಮೇಲ್ಮೈ ಎಷ್ಟು ದುಂಡಗಿದೆ, ಪೆಟ್ಟನ್ನು ಹಂಚುವ ಏಣುಗಳು ಇವೆಯೇ ಎಂಬುದು. ಕೊನೆಗೆ ದಪ್ಪ. ದಪ್ಪವಾಗಿದ್ದೂ ಮುಖಕ್ಕೆ ಅಂಟಿದ ಮಾಸ್ಕ್‌ಗಿಂತ ತೆಳ್ಳಗಿದ್ದೂ ಅಂತರ ಬಿಟ್ಟ ಮಾಸ್ಕ್ ಮೇಲು.

ಕಂಬಿ ಕಂಬಿಯಾಗಿ ಇರೋ 'ಪ್ರೆಟ್ಜೆಲ್' ಮಾಸ್ಕ್ ಅಂದರೇನು?

ಬರ್ಚ್‌ಮೋರ್ 1960ರಲ್ಲಿ ಪ್ಲಾಂಟೆಗೆ ಮಾಡಿಕೊಟ್ಟ ಎರಡನೇ ಮಾದರಿ. ಪ್ರೆಟ್ಜೆಲ್ ಎಂಬ ತಿರುಚಿದ ತಿಂಡಿಯಂತೆ ಕಾಣುವುದರಿಂದ ಈ ಹೆಸರು. ಬಟ್ಟೆಯ ಬದಲು ಗಾಜಿನ ನೂಲಿನ ಎಳೆಗಳನ್ನು ರೆಸಿನ್‌ನಲ್ಲಿ ನೆನೆಸಿ, ಮುಖದ ಅಚ್ಚಿನ ಮೇಲೆ ಪಟ್ಟಿಗಳಂತೆ ಹಾಯಿಸಿ ಗಟ್ಟಿ ಮಾಡಿದ್ದು. ತೂಕ 300 ಗ್ರಾಂಗೆ ಇಳಿಯಿತು, ಗಾಳಿ ಆಡಿತು, ನೋಟ ತೆರೆಯಿತು. ದುರ್ಬಲತೆ ಎಲ್ಲಿ ಎಂದರೆ ಪಟ್ಟಿಗಳು ಕೂಡುವ ಜಾಗದಲ್ಲಿ. ಅಲ್ಲಿ ರೆಸಿನ್ ಕಡಿಮೆ ಕುಡಿದಿದ್ದರೆ ಬಿರುಕು ಬಿಡುತ್ತದೆ. ಮಾಂಟ್ರಿಯಲ್ ಗೋಲ್‌ಕೀಪರ್ ಕೆನ್ ಡ್ರೈಡನ್ ತಮ್ಮ ಆರಂಭದ ವರ್ಷಗಳಲ್ಲಿ, 1972ರ ಕೆನಡಾ–ಸೋವಿಯತ್ ಸರಣಿಯಲ್ಲೂ, ಇದೇ ಬಗೆಯದನ್ನು ಹಾಕಿದ್ದರು.

ತಯಾರಕರಲ್ಲಿ ಯಾರ ಕೆಲಸ ಚೆನ್ನಾಗಿತ್ತು?

ಲೆಫ್ಟಿ ವಿಲ್ಸನ್ ಡೆಟ್ರಾಯಿಟ್ ತಂಡದ ಟ್ರೇನರ್. 1962ರಿಂದ ಟೆರ್ರಿ ಸಾಚಕ್ ಹಾಕಿದ್ದು ಅವರದೇ ಮಾಸ್ಕ್. ಸರಳ, ಹಗುರ, ಮುಖಕ್ಕೆ ಅಂಟಿದಂತೆ. ನೋಟಕ್ಕೆ ಒಳ್ಳೆಯದು, ನೇರ ಪೆಟ್ಟಿಗೆ ಸಾಲದು. ಎರ್ನಿ ಹಿಗಿನ್ಸ್ ಮ್ಯಾಸಚೂಸೆಟ್ಸ್‌ನ ನಾರ್ವುಡ್‌ನ ಪ್ಲಂಬರ್, ಮಗನಿಗಾಗಿ ಮಾಡಲು ಶುರುಮಾಡಿ ಆಮೇಲೆ ಗೆರ್ರಿ ಚೀವರ್ಸ್‌ರಂಥ ದೊಡ್ಡ ಆಟಗಾರರಿಗೂ ಮಾಡಿದವರು. ಅವರ ಕೆಲಸದಲ್ಲಿ ಗಟ್ಟಿತನ ಹೆಚ್ಚು. ಪ್ಲಾಂಟೆ ಸ್ವತಃ 1970ರ ಸುಮಾರಿಗೆ ಕ್ವಿಬೆಕ್‌ನಲ್ಲಿ ಫೈಬ್ರೊಸ್ಪೋರ್ಟ್ ಎಂಬ ಕಂಪನಿ ಕಟ್ಟಿ ಮಾಸ್ಕ್ ಮಾರಿದರು. ಅವರ ಆಗಿನ ಮಾದರಿಯಲ್ಲಿ ಹಣೆಯ ಏಣು ಎದ್ದು ಕಾಣುತ್ತದೆ. ಟೊರಾಂಟೊದ ಗ್ರೆಗ್ ಹ್ಯಾರಿಸನ್ ಸ್ವತಃ ಗೋಲ್‌ಕೀಪರ್ ಆಗಿದ್ದವರು. ರಕ್ಷಣೆ, ನೋಟ, ಬಣ್ಣಗಾರಿಕೆ ಮೂರನ್ನೂ ಒಟ್ಟಿಗೆ ಸಾಧಿಸಿದವರು ಅವರೇ ಎಂಬುದು ನಮ್ಮ ಅಭಿಪ್ರಾಯ.

ಮಾಸ್ಕ್ ಮೇಲೆ ಚಿತ್ರ ಬರೆಯೋದು ಯಾವಾಗ ಶುರುವಾಯ್ತು?

1960ರ ದಶಕದ ಕೊನೆಯಲ್ಲಿ, ಬೋಸ್ಟನ್‌ನಲ್ಲಿ. ಪಕ್ ಬಡಿದ ಕಡೆಯೆಲ್ಲ, ಮಾಸ್ಕ್ ಇಲ್ಲದಿದ್ದರೆ ಎಷ್ಟು ಹೊಲಿಗೆ ಬೀಳುತ್ತಿತ್ತೋ ಅಷ್ಟು ಹೊಲಿಗೆಯನ್ನು ಚೀವರ್ಸ್ ಅವರ ಬಿಳಿ ಮಾಸ್ಕ್ ಮೇಲೆ ತಂಡದ ಟ್ರೇನರ್ ಫ್ರಾಸ್ಟಿ ಫೋರಿಸ್ಟಾಲ್ ಕಪ್ಪು ಮಸಿಯಲ್ಲಿ ಬರೆಯುತ್ತಾ ಹೋದರು. ಫಿಲಡೆಲ್ಫಿಯಾದ ಡಗ್ ಫಾವೆಲ್ 1970ರಲ್ಲಿ ಇಡೀ ಮಾಸ್ಕ್‌ಗೆ ಕಿತ್ತಳೆ ಬಣ್ಣ ಬಳಿದರು. 1970ರ ದಶಕದ ನಡುವೆ ಜಿಮ್ ರುದರ್‌ಫೋರ್ಡ್ ಅವರ ರೆಕ್ಕೆಗಳು, ಜಿಲ್ ಗ್ರಾಟನ್ ಅವರ ಘರ್ಜಿಸುವ ದೊಡ್ಡ ಬೆಕ್ಕು ಬಂದವು. ಇವೆರಡೂ ಹ್ಯಾರಿಸನ್ ಕೈಚಳಕ.

ಇಷ್ಟು ಚೆನ್ನಾಗಿದ್ದ ಮಾಸ್ಕ್ ಯಾಕೆ ಮರೆಯಾಯ್ತು?

ಕಣ್ಣಿನಿಂದಾಗಿ. ಚೆನ್ನಾಗಿ ಕಾಣಬೇಕಾದರೆ ಕಣ್ಣಿನ ತೂತು ದೊಡ್ಡದಿರಬೇಕು. ದೊಡ್ಡದಾದಷ್ಟೂ ಕೋಲಿನ ತುದಿ, ಪಕ್‌ನ ಅಂಚು ಒಳನುಗ್ಗುವ ಅಪಾಯ ಹೆಚ್ಚು. ಅಚ್ಚಿನ ಮಾಸ್ಕ್‌ನಲ್ಲಿ ಇದಕ್ಕೆ ಪರಿಹಾರವೇ ಇಲ್ಲ. 1979ರ ಫೆಬ್ರವರಿ 17ರಂದು ಫಿಲಡೆಲ್ಫಿಯಾದ ಬರ್ನಿ ಪ್ಯಾರೆಂಟ್ ಅವರ ಬಲಗಣ್ಣಿನ ತೂತಿಗೆ ಕೋಲು ನುಗ್ಗಿ ಅವರ ಆಟದ ಬದುಕು ಮುಗಿಯಿತು. ಅದಕ್ಕೆ ಎರಡು ವರ್ಷ ಮುಂಚೆ ಬಫಲೊದ ಗೆರ್ರಿ ಡಿಜಾರ್ಡಿನ್ಸ್ ಕಣ್ಣಿಗೆ ಪೆಟ್ಟಾಗಿತ್ತು.

ಪರ್ಯಾಯ ಆಗಲೇ ಕಣ್ಣೆದುರಿಗಿತ್ತು. 1972ರ ಸರಣಿಯಲ್ಲಿ ಸೋವಿಯತ್ ಗೋಲ್‌ಕೀಪರ್ ವ್ಲಾದಿಸ್ಲಾವ್ ತ್ರೆತ್ಯಾಕ್ ಹೆಲ್ಮೆಟ್‌ಗೆ ತಂತಿ ಪಂಜರ ಕೂಡಿಸಿಕೊಂಡು ಆಡಿದ್ದರು. ಪಂಜರ ಮುಖದಿಂದ ದೂರ ನಿಲ್ಲುತ್ತದೆ, ನೋಟವೂ ವಿಶಾಲ. ಅಚ್ಚಿನ ಮಾಸ್ಕ್ ಬಿಡಲು ಮನಸ್ಸಿಲ್ಲದ ಟೋನಿ ಎಸ್ಪೊಸಿಟೊ ಕಣ್ಣಿನ ತೂತಿನ ಮೇಲೆ ಕಂಬಿ ಕೂರಿಸಿಕೊಂಡರು. ಕೆನ್ ಡ್ರೈಡನ್ ಅವರ ಅಣ್ಣ ಡೇವ್ ಡ್ರೈಡನ್, ಹ್ಯಾರಿಸನ್ ಜೊತೆ ಸೇರಿ ಫೈಬರ್‌ಗ್ಲಾಸ್ ಚಿಪ್ಪಿನ ನಡುಭಾಗ ಕತ್ತರಿಸಿ ಅಲ್ಲಿ ಪಂಜರ ಜೋಡಿಸಿದರು. ಇಂದಿನ ಎಲ್ಲ ಗೋಲ್‌ಕೀಪರ್ ಮಾಸ್ಕ್‌ಗಳ ಮೂಲ ಇದೇ. ಎನ್‌ಎಚ್‌ಎಲ್‌ನಲ್ಲಿ ಪೂರ್ತಿ ಅಚ್ಚಿನ ಮಾಸ್ಕ್ 1990ರ ಹೊತ್ತಿಗೆ ಕಣ್ಮರೆಯಾಯಿತು.

## ಸಂಗ್ರಹಿಸುವವರಿಗೆ, ಮಾಡಿ ನೋಡುವವರಿಗೆ

ನನ್ನ ಹತ್ತಿರ ಒಂದು ಹಳೇ ಮಾಸ್ಕ್ ಇದೆ. ಅಸಲಿ ಅಂತ ಹೇಗೆ ಗೊತ್ತಾಗತ್ತೆ?

ಮೊದಲು ಒಳಭಾಗ ನೋಡಿ, ಹೊರಗಿನ ಬಣ್ಣ ನೋಡಿ ಮರುಳಾಗಬೇಡಿ. ಕೈಯಿಂದ ಮಾಡಿದ ಫೈಬರ್‌ಗ್ಲಾಸ್‌ನಲ್ಲಿ ಬಟ್ಟೆಯ ನೇಯ್ಗೆ ಅಥವಾ ಚದುರಿದ ಎಳೆಗಳು ಕಾಣುತ್ತವೆ, ಅಲ್ಲಲ್ಲಿ ಗಾಳಿಗುಳ್ಳೆ ಇರುತ್ತದೆ, ದಪ್ಪ ಒಂದೇ ಸಮ ಇರುವುದಿಲ್ಲ. ಗಾಳಿ ತೂತುಗಳ ನಡುವಿನ ಅಂತರವೂ ಸ್ವಲ್ಪ ಏರುಪೇರು. ಎಲ್ಲವೂ ಒಂದೇ ಸಮ ಇದ್ದು, ಅಂಚು ತೆಳ್ಳಗೆ, ಹಿಂಡಿದರೆ ಸುಲಭವಾಗಿ ಬಾಗಿದರೆ ಅದು ಕಾಯಿಸಿ ಎಳೆದ ಪ್ಲಾಸ್ಟಿಕ್. ಬೀದಿ ಹಾಕಿಗೆಂದು ಮಕ್ಕಳಿಗೆ ಮಾರಿದ್ದೋ, 1980ರ ದಶಕದ ಭಯಾನಕ ಸಿನಿಮಾಗಳ ಪ್ರಭಾವದಲ್ಲಿ ವೇಷಕ್ಕೆಂದು ಮಾಡಿದ್ದೋ ಇರುತ್ತದೆ.

ಬೆರಳಿನಿಂದ ಮೆಲ್ಲಗೆ ತಟ್ಟಿ. ಪದರಗಳು ಗಟ್ಟಿಯಾಗಿ ಕೂಡಿದ್ದರೆ ಸ್ಪಷ್ಟ ಶಬ್ದ, ಪದರ ಬಿಟ್ಟ ಕಡೆ ಮಂಕು ಶಬ್ದ. ಬಳಕೆಯ ಗುರುತು ಇರಬೇಕಾದ ಜಾಗದಲ್ಲೇ ಇರಬೇಕು: ಪಟ್ಟಿ ತಿರುಗುವ ಕಡೆ ಸವೆತ, ಹಣೆ-ಗಲ್ಲದ ಫೋಮ್ ಮೇಲೆ ಬೆವರಿನ ಕಲೆ, ಹೊರಗೆ ಪಕ್ ರಬ್ಬರಿನ ಕಪ್ಪು ಗೀರು. ಎಲ್ಲೆಡೆ ಸಮನಾಗಿ ಹಳೆಯದಾಗಿ ಕಾಣುತ್ತಿದ್ದರೆ ಮರಳುಕಾಗದದಿಂದ ಉಜ್ಜಿ ಹಳೆಯದು ಮಾಡಿದ್ದೆಂದು ಅನುಮಾನಿಸಿ. ಹೊಸ ಹೊಳಪಿನ ರಿವೆಟ್ ಮಾತ್ರ ಮೋಸದ ಗುರುತಲ್ಲ, ಆಟಗಾರರೇ ಪಟ್ಟಿ ಬದಲಿಸುತ್ತಿದ್ದರು.

ಪ್ರಸಿದ್ಧ ಆಟಗಾರರದು ಎಂದು ಹೇಳಿದರೆ ಸಹಿ, ಪ್ರಮಾಣಪತ್ರಕ್ಕಿಂತ ಫೋಟೊ ಹೋಲಿಕೆ ನಂಬಿ. ತಾರೀಖು ಗೊತ್ತಿರುವ ಪಂದ್ಯದ ಸ್ಪಷ್ಟ ಚಿತ್ರದಲ್ಲಿ ಅದೇ ಚಕ್ಕೆ, ಅದೇ ಗೀರು, ಅದೇ ತೂತಿನ ಓರೆ ಮೂರು ಕಡೆಯಾದರೂ ಹೊಂದಬೇಕು. ಆಟಗಾರನ ಮುಖದ ಅಚ್ಚಿನಿಂದಲೇ ಆಮೇಲೆ ತೆಗೆದ ಪ್ರತಿಗಳೂ ಇವೆ. ಅವು ಆಕಾರದಲ್ಲಿ ಹೊಂದುತ್ತವೆ, ಗೀರಿನಲ್ಲಿ ಹೊಂದುವುದಿಲ್ಲ.

ಹೇಗೆ ಸ್ವಚ್ಛ ಮಾಡಲಿ, ಎಲ್ಲಿ ಇಡಲಿ? ನಮ್ಮದು ಮಂಗಳೂರು, ಮಳೆಗಾಲದಲ್ಲಿ ಬೂಸ್ಟು.

ಮೃದು ಬ್ರಷ್‌ನಿಂದ ಒಣ ಧೂಳು ತೆಗೆಯಿರಿ. ಬೇಕಾದರೆ ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಸೌಮ್ಯ ಸೋಪು ಬೆರೆಸಿ, ಹತ್ತಿಯನ್ನು ಅದ್ದಿ ಹಿಂಡಿ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ. ಥಿನ್ನರ್, ಅಸಿಟೋನ್ ಹತ್ತಿರ ಸುಳಿಯಬಾರದು, ಬಣ್ಣ ಕರಗುತ್ತದೆ, ರೆಸಿನ್ ಕೂಡ ಮೆದುವಾಗುತ್ತದೆ. ಪಕ್ ಗೀರುಗಳನ್ನು ತೆಗೆಯಬೇಡಿ, ಮೇಲೆ ಹೇಳಿದ ಫೋಟೊ ಹೋಲಿಕೆಗೆ ಆಧಾರ ಅವೇ.

ಕರಾವಳಿಯಲ್ಲಿ ಮೊದಲು ಹಾಳಾಗುವುದು ಫೈಬರ್‌ಗ್ಲಾಸ್ ಅಲ್ಲ. ಚರ್ಮದ ಪಟ್ಟಿ ಬೂಸ್ಟು ಹಿಡಿಯುತ್ತದೆ, ಕಬ್ಬಿಣದ ರಿವೆಟ್ ತುಕ್ಕು ಹಿಡಿದು ಸುತ್ತಲಿನ ಪದರವನ್ನು ಸೀಳುತ್ತದೆ, ಫೋಮ್ ಪುಡಿಯಾಗುತ್ತದೆ. ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ, ತಿಂಗಳಿಗೊಮ್ಮೆ ತೆಗೆದು ನೋಡಿ. ಪಟ್ಟಿ ಹಿಡಿದು ಗೋಡೆಗೆ ತೂಗುಹಾಕಬೇಡಿ, ರಿವೆಟ್ ಸುತ್ತ ಬಿರುಕು ಬೀಳುತ್ತದೆ. ಒಳಗೆ ಹತ್ತಿ ಬಟ್ಟೆಯ ದಿಂಬು ಕೊಟ್ಟು ಮಲಗಿಸಿ. ನೇರ ಬಿಸಿಲು ಬಿದ್ದರೆ ರೆಸಿನ್ ಹಳದಿಯಾಗುತ್ತದೆ, ಅದನ್ನು ಹಿಂದಕ್ಕೆ ತರಲಾಗದು.

ಹಳೇ ಮಾಸ್ಕ್ ಹಾಕ್ಕೊಂಡು ಆಡಬಹುದಾ?

ಬೇಡ. ಗಟ್ಟಿಯಾಗಿ ಕಂಡರೂ ದಶಕಗಳಲ್ಲಿ ರೆಸಿನ್ ಪೆಡಸಾಗಿರುತ್ತದೆ, ಹಳೆಯ ಪೆಟ್ಟುಗಳಿಂದ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಫೋಮ್ ಸತ್ತಿರುತ್ತದೆ. ಕಣ್ಣಿನ ತೂತಿನ ಅಪಾಯ ಹೇಗೂ ಇದ್ದೇ ಇದೆ. ಲಡಾಖ್‌ನಲ್ಲೋ ವಿದೇಶದಲ್ಲೋ ಐಸ್ ಹಾಕಿ ಆಡುವವರು ಪ್ರಮಾಣೀಕೃತ ಪಂಜರದ ಮಾಸ್ಕ್ ಕೊಳ್ಳಿ. ಅದರ ಕಂಬಿಗಳ ನಡುವೆ ಕೋಲಿನ ತುದಿ ತೂರಬಾರದೆಂದು ಅಂತರ ಇಟ್ಟಿರುತ್ತಾರೆ. ಕ್ಯಾಟ್ ಐ ಎನ್ನುವ ಅಗಲ ಕಣ್ಣಿನ ಪಂಜರ ಎನ್‌ಎಚ್‌ಎಲ್‌ನಲ್ಲಿ ಸಾಮಾನ್ಯವಾದರೂ ಮಕ್ಕಳಿಗೆ ಬೇಡ.

ಪ್ರದರ್ಶನಕ್ಕೆ ಒಂದು ನಕಲು ಮಾಡ್ಕೋಬೇಕು. ಬೆಂಗಳೂರಲ್ಲಿ ಸಿಗೋ ಸಾಮಾನಿನಿಂದ ಆಗತ್ತಾ?

ಆಗುತ್ತದೆ. ಪಾಲಿಯೆಸ್ಟರ್ ರೆಸಿನ್, ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಬೆರೆಸುವ ದ್ರವ), ಹಾರ್ಡ್‌ನರ್, ಚದರ ಮೀಟರಿಗೆ 300 ಗ್ರಾಂ ತೂಗುವ ಫೈಬರ್ ಮ್ಯಾಟ್ ಇವೆಲ್ಲ ಫೈಬರ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ.

ಮುಖದ ಅಚ್ಚಿಗೆ ಪಿಒಪಿಯನ್ನು ನೇರವಾಗಿ ದಪ್ಪಗೆ ಹೊಯ್ಯಬೇಡಿ, ಗಟ್ಟಿಯಾಗುವಾಗ ಬಿಸಿಯೇರಿ ಚರ್ಮ ಸುಡುತ್ತದೆ. ಆಸ್ಪತ್ರೆಯ ಪ್ಲಾಸ್ಟರ್ ಬ್ಯಾಂಡೇಜನ್ನು ಮೂರು-ನಾಲ್ಕು ಪದರ ಕೂರಿಸಿ, ಮೂಗಿನ ಹೊಳ್ಳೆ ಬಿಡಿ, ಪಕ್ಕದಲ್ಲಿ ಒಬ್ಬರು ಇರಲಿ. ಅದರೊಳಗೆ ಪಿಒಪಿ ಹೊಯ್ದು ಪ್ರತಿರೂಪ ತೆಗೆದು ಒಂದು ವಾರ ಒಣಗಿಸಿ. ತೇವ ಉಳಿದರೆ ರೆಸಿನ್ ಅಂಟಂಟಾಗಿಯೇ ಉಳಿಯುತ್ತದೆ, ಹೆಚ್ಚಿನವರ ಕೆಲಸ ಕೆಡುವುದು ಇಲ್ಲೇ. ಹುಬ್ಬು, ಮೂಗು, ಕೆನ್ನೆಮೂಳೆಯ ಮೇಲೆ ಜೇಡಿಮಣ್ಣಿನಿಂದ 8–10 ಮಿ.ಮೀ. ಎತ್ತರಿಸಿ, ಒಣಗಿಸಿ, ಫ್ರೆಂಚ್ ಪಾಲಿಶ್ ಎರಡು ಕೈ, ಆಮೇಲೆ ಮೇಣ ಮೂರು ಕೈ.

ಒಂದು ಮಾಸ್ಕ್‌ಗೆ ಸುಮಾರು 200 ಗ್ರಾಂ ರೆಸಿನ್ ಸಾಕು. ಒಂದು ಸಲಕ್ಕೆ 100 ಗ್ರಾಂ ಮಾತ್ರ ಕಲಸಿ. ರೆಸಿನ್‌ನಲ್ಲಿ ಕೋಬಾಲ್ಟ್ ಮೊದಲೇ ಬೆರೆತಿದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಕೋಬಾಲ್ಟ್ 1 ಗ್ರಾಂ ಹಾಕಿ ಚೆನ್ನಾಗಿ ಕಲಸಿ, ಆಮೇಲಷ್ಟೇ ಹಾರ್ಡ್‌ನರ್ 1ರಿಂದ 1.5 ಗ್ರಾಂ. ಕೋಬಾಲ್ಟ್ ಮತ್ತು ಹಾರ್ಡ್‌ನರ್ ಎರಡನ್ನೇ ನೇರವಾಗಿ ಎಂದೂ ಬೆರೆಸಬೇಡಿ, ಬೆಂಕಿ ಹೊತ್ತಬಹುದು, ಸಿಡಿಯಬಹುದು. ಒಂದೇ ಚಮಚವನ್ನು ಎರಡಕ್ಕೂ ಬಳಸಬೇಡಿ. ಬೇಸಿಗೆಯಲ್ಲಿ ಹಾರ್ಡ್‌ನರ್ 1 ಗ್ರಾಂ ಮೀರಿಸಬೇಡಿ, ಪದರ ಹಾಕುವ ಮೊದಲೇ ಗಟ್ಟಿಯಾಗುತ್ತದೆ.

ಮ್ಯಾಟನ್ನು ಅಂಗೈಯಗಲದ ತುಂಡುಗಳಾಗಿ ಹರಿದುಕೊಳ್ಳಿ, ಕತ್ತರಿಸಿದ ಅಂಚಿಗಿಂತ ಹರಿದ ಅಂಚು ಚೆನ್ನಾಗಿ ಕೂಡುತ್ತದೆ. ಮೂರು ಪದರ ಹಾಕಿದರೆ 2 ಮಿ.ಮೀ. ದಪ್ಪ ಬರುತ್ತದೆ. ಬ್ರಷ್ ಎಳೆಯಬೇಡಿ, ಕುಟ್ಟಿ ಗಾಳಿ ಹೊರಡಿಸಿ. ಮೂಗಿನ ಬದಿಯಲ್ಲಿ ಗುಳ್ಳೆ ನಿಲ್ಲುವುದು ಹೆಚ್ಚು. ಒಂದು ದಿನ ಬಿಟ್ಟು ಕಳಚಿ, ಕಣ್ಣಿನ ತೂತನ್ನು ಚಿಕ್ಕದಾಗಿ ಕೊರೆದು ಅರದಿಂದ ಹಿಗ್ಗಿಸಿ. ಉಜ್ಜುವಾಗ ಮೇಲ್ಮೈ ನೆನೆಸಿ ಉಜ್ಜಿ, ಧೂಳು ತಡೆಯುವ ಮಾಸ್ಕ್, ಕೈಗವಸು, ಕನ್ನಡಕ ಬೇಕೇ ಬೇಕು. ಒಳಭಾಗದಲ್ಲಿ ಮಾಡಿದ ವರ್ಷವನ್ನೂ 'ಪ್ರತಿ' ಎಂಬ ಮಾತನ್ನೂ ಅಳಿಸಲಾಗದಂತೆ ಕೆತ್ತಿಬಿಡಿ.

ಬಣ್ಣ ಉದುರುತ್ತಿದೆ. ಮತ್ತೆ ಬಳಿಸಲಾ?

ಅಸಲಿಯಾದರೆ ಬಳಿಸಬೇಡಿ. ಎದ್ದಿರುವ ಚಕ್ಕೆಗಳು ಇನ್ನಷ್ಟು ಬೀಳದಂತೆ ಸಂರಕ್ಷಣೆ ಬಲ್ಲವರಿಂದ ಅಂಟಿಸಿ, ಬಿದ್ದ ಚಕ್ಕೆಗಳನ್ನು ಪುಟ್ಟ ಕವರಿನಲ್ಲಿ ಹಾಕಿ ಮಾಸ್ಕ್ ಜೊತೆಗೇ ಇಡಿ. ಹೊಸ ಬಣ್ಣದ ಕೆಳಗೆ ಹಳೆಯ ಪದರಗಳು, ಅವುಗಳ ಮೇಲಿನ ಗೀರುಗಳು ಮುಚ್ಚಿಹೋಗುತ್ತವೆ. ಒಬ್ಬ ಆಟಗಾರ ತಂಡ ಬದಲಿಸಿದಾಗ ಅದೇ ಮಾಸ್ಕ್‌ಗೆ ಮೇಲಿಂದ ಮೇಲೆ ಬಣ್ಣ ಬಳಿಸಿದ್ದೂ ಉಂಟು. ಚಕ್ಕೆಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಆ ಬಣ್ಣಗಳನ್ನು ಒಂದೊಂದಾಗಿ ಎಣಿಸಬಹುದು.